ಬೆನ್ನು ತಿರುಗಿಸಿದ ತೋಟಗಾರ

ಅಳಿಯನ ದನಿ ಅತ್ತೆಯ ಮನೆಯೊಳಗೆ ಬರಬಹುದೇ, ಬಾರದೇ? ಕಂಪಾಲಾದಿಂದ ಮಸಾಕಾಗೆ ಹೋಗುವ ರಸ್ತೆಯ ಕಯಾಬ್ವೆ ಊರಿನಲ್ಲಿ ಈ ಪ್ರಶ್ನೆ ಎದ್ದದ್ದು ನನ್ನೋಝಿಯ ಮನೆಗೆ ಟೀವಿ ಬಂದ ವಾರ. ಎತ್ತಿದವನು ಎದುರು ಸಾಲಿನ ಮಾಂಸದಂಗಡಿಯ ಕಫೀರೊ. ಗಿರಾಕಿ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಅವನಿಗೆ ಇಂಥ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತಿದ್ದವು. ಅತ್ತೆ ಅಳಿಯ ಎದುರುಬದುರಾಗಬಾರದು, ಒಂದೇ ಕೋಣೆಯಲ್ಲಿ ಕೂರಬಾರದು, ಕೈಗೆ ಕೈ ತಗುಲಿತೋ ಮುಗಿಯಿತು, ಕೈ ನಡುಗುವ ಕಾಯಿಲೆ ಹಿಡಿಯುತ್ತದೆ. ಇದು ಅಲ್ಲಿ ಎಲ್ಲರೂ ಬಲ್ಲ ಸಂಗತಿ. ನನ್ನೋಝಿ ಹೊಲಿಗೆಯವಳು, ಭುಜದ ಮೇಲೆ ಚೂಪಾಗಿ ಎದ್ದು ನಿಲ್ಲುವ, ಹೆಂಗಸರು ತೊಡುವ ಗೊಮೆಸಿ ನಿಲುವಂಗಿಗಳನ್ನು ಅವಳಷ್ಟು ನೆಟ್ಟಗೆ ಹೊಲಿಯುವವರು ಆ ರಸ್ತೆಯಲ್ಲಿ ಬೇರೆ ಇರಲಿಲ್ಲ. ಕೈ ನಡುಗಿದರೆ ಹೊಟ್ಟೆಪಾಡೇ ನಡುಗಿದಂತೆ. ಅಳಿಯ ಕಿಬಿರಂಗೊ ಬೀದಿಯ ಆ ತುದಿಯಲ್ಲಿ ಕಂಡರೆ ಅವಳು ಒಳಗೆ ಹೋಗುತ್ತಿದ್ದಳು, ಅವನು ಯಾವುದಾದರೂ ಅಂಗಡಿಯ ಮರೆಗೆ ಸರಿಯುತ್ತಿದ್ದ. ಅವನ ಮುಖವನ್ನು ಅವಳು ಪೂರ್ತಿಯಾಗಿ ನೋಡಿದ್ದು ಮದುವೆಯ ಫೋಟೋದಲ್ಲಿ ಮಾತ್ರ.

ಆದರೆ ದನಿಯನ್ನು ತಪ್ಪಿಸಿಕೊಳ್ಳುವುದು ಹೇಗೆ? ಕಿಬಿರಂಗೊ ವೀಜೆ. ಪರದೇಶದ ಧಾರಾವಾಹಿಗಳ ಮೇಲೆ ಲುಗಾಂಡಾದಲ್ಲಿ ಮಾತು ಹೇಳುವುದು ಅವನ ಕಸುಬು. ಮುದುಕಿ, ಪೊಲೀಸ್, ಪ್ರೇಮಿ, ಅಳುವ ಮಗು, ಎಲ್ಲರ ಬಾಯಿಗೂ ಅವನೊಬ್ಬನೇ. ತನ್ನ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಾತು ತುಂಬಿ ಕೊಟ್ಟರೆ ಅದು ಮೊದಲು ಊರಿನ ವೀಡಿಯೊ ಹಾಲ್‌ನಲ್ಲಿ ಓಡುತ್ತಿತ್ತು, ಆಮೇಲೆ ಪೆನ್ ಡ್ರೈವ್‌ಗಳಲ್ಲಿ ಮನೆಮನೆಗೂ ಹೋಗುತ್ತಿತ್ತು. ಕೊನೆಗೆ ಪ್ರಶ್ನೆ ನನ್ನೋಝಿಯ ನಾದಿನಿ ಬಿರಬ್ವಾಳ ಮುಂದೆ ಹೋಯಿತು. ಬಿರಬ್ವಾ ಆ ಮನೆಯ ಮಕ್ಕಳಿಗೆ ಸೋದರತ್ತೆ, ಅಲ್ಲಿಯ ಮಾತಿನಲ್ಲಿ ಸೆಂಗಾ. ಮದುವೆ, ಮುನಿಸು, ರಾಜಿ ಏನಿದ್ದರೂ ಸೆಂಗಾ ಹೇಳಿದ್ದೇ ಕೊನೆ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟಳು.

"ಡಬ್ಬಿಯೊಳಗಿನ ದನಿಗೆ ಕಾಲಿದೆಯಾ? ಇಲ್ಲ. ಕಾಲಿಲ್ಲದ್ದು ಹೊಸಿಲು ಹೇಗೆ ದಾಟುತ್ತೆ? ಸುಮ್ನೆ ನೋಡಿ."

ಅಂದಿನಿಂದ ನನ್ನೋಝಿಯ ಜಗಲಿಯಲ್ಲಿ ದಿನಾ ಮಧ್ಯಾಹ್ನ 'ಸುಟ್ಟ ಗೋದಾಮು' ಓಡುತ್ತಿತ್ತು.

ಅದು ತುರ್ಕಿಯ ಧಾರಾವಾಹಿ. ಆ ಹೆಸರು ಕಿಬಿರಂಗೊ ಕೊಟ್ಟದ್ದು. ದೊಡ್ಡ ಮನೆ, ಅದಕ್ಕೊಬ್ಬಳು ಬಿಗಿಮುಖದ ಯಜಮಾನಿ, ಎಣ್ಣೆ ತುಂಬಿದ ಗೋದಾಮು. ಮೊದಲ ಕಂತಿನಲ್ಲೇ ಗೋದಾಮಿಗೆ ಬೆಂಕಿ ಬಿದ್ದು ಹಿರಿಯ ಮಗ ಸುಟ್ಟುಹೋಗುತ್ತಾನೆ. ಬೆಂಕಿ ಇಟ್ಟವರು ಯಾರು? ಕಂತಿನ ಮೇಲೆ ಕಂತು ಹೋದರೂ ತುರ್ಕಿಯವರು ಅದನ್ನು ಹೇಳಲಿಲ್ಲ. ಹೇಳುವ ಕೆಲಸವನ್ನು ಜಗಲಿ ವಹಿಸಿಕೊಂಡಿತು.

ಜಗಲಿಯಲ್ಲಿ ಮೂರು ಪಕ್ಷ. ಆ ಮನೆಯ ವಕೀಲನೇ ಬೆಂಕಿ ಇಟ್ಟವನು ಎಂಬುದು ಕಫೀರೊನ ಪಕ್ಷ. "ಅವನ ಶೂ ನೋಡಿ. ಊರಲ್ಲೆಲ್ಲ ಬೂದಿ, ಅವನ ಶೂ ಮೇಲೆ ಒಂದು ಧೂಳಿಲ್ಲ. ಒರೆಸ್ಕೊಂಡಿದಾನೆ. ಒರೆಸ್ಕೊಳ್ಳೋನು ಯಾರು? ಕಳ್ಳ." ಅವಳಿಗಳನ್ನು ಹೆತ್ತದ್ದರಿಂದ ಎಲ್ಲರೂ ನಲೊಂಗೊ ಎಂದು ಕರೆಯುವ ನೆರೆಯಾಕೆ ತನ್ನ ಪಕ್ಷದಲ್ಲಿ ಒಬ್ಬಳೇ ಇದ್ದಳು. ಸತ್ತ ಮಗ ಸತ್ತಿಲ್ಲ ಎಂಬುದು ಅವಳ ವಾದ. "ಹೆಣದ ಮುಖ ತೋರಿಸಿದ್ರಾ? ಇಲ್ವಲ್ಲ. ಮುಖ ತೋರಿಸದ ಹೆಣ ನಾನು ನಂಬಲ್ಲ." ನನ್ನೋಝಿಯ ಪಕ್ಷದಲ್ಲಿ ಬೆಂಕಿ ಇಟ್ಟವನು ಮನೆಯ ಕುಂಟ ತೋಟಗಾರ. ಬೆಂಕಿಯ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಯಾರು ಕೇಳಿದರೂ ಆ ತೋಟಗಾರ ಬೇರೆ ಕಡೆ ನೋಡುತ್ತಿದ್ದ. ಬಟ್ಟೆಯ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ಬೇರೆ ಕಡೆ ನೋಡುವ ಹೆಂಗಸರನ್ನು ಬೇಕಾದಷ್ಟು ಕಂಡಿದ್ದ ನನ್ನೋಝಿಗೆ ಅಷ್ಟು ಸಾಕಾಗಿತ್ತು.

"ನನ್ನೋಝಿ, ಅವನಿಗೆ ಒಂದು ಕಾಲೇ ಸರಿಯಿಲ್ಲ. ಬೆಂಕಿ ಹಚ್ಚಿ ಓಡೋದು ಹೇಗೆ?" ಎಂದು ಕಫೀರೊ ರಸ್ತೆಯಾಚೆಯಿಂದಲೇ ಕೂಗುತ್ತಿದ್ದ.

"ಓಡೋಕಾಗಲ್ಲ ಅಂತಾನೇ ಅಲ್ವ ಸೆಬೊ, ಯಾರೂ ಅವನನ್ನ ಹಿಡಿದಿಲ್ಲ?" ಸೆಬೊ ಎಂದರೆ ಅಲ್ಲಿ ಅಯ್ಯಾ ಎಂದ ಹಾಗೆ.

"ಇವಳ ಹತ್ರ ವಾದ ಮಾಡೋದಕ್ಕಿಂತ ಮೂಳೆ ಕಡಿಯೋದು ಸುಲಭ."

ಮಗಳು ನಬುಕೀರಾ ಈ ಮಾತಿಗೆಲ್ಲ ಸೇರುತ್ತಿರಲಿಲ್ಲ. ಗಂಡನನ್ನು ಬಿಟ್ಟು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತವರಿಗೆ ಬಂದು ಒಂದು ತಿಂಗಳ ಮೇಲಾಗಿತ್ತು. ಟೀವಿ ಹಚ್ಚಿದ ಕೂಡಲೇ ಅವಳು ಹಿತ್ತಲಿಗೆ ಹೋಗಿ ಮಟೋಕೆ ಬಾಳೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಮನೆಯಲ್ಲಿ ಇದ್ದವರು ಮೂರು ಜನ, ಸುಲಿದ ಕಾಯಿ ಎಂಟು ಜನಕ್ಕಾಗುವಷ್ಟು.

ಅವಳು ಬಂದದ್ದಕ್ಕೂ ಧಾರಾವಾಹಿಯೇ ಕಾರಣ. ಕಿಬಿರಂಗೊನಿಗೆ ತುರ್ಕಿ ಭಾಷೆ ಬಾರದು. ಪರದೆಯ ಬುಡದಲ್ಲಿ ಓಡುವ ಇಂಗ್ಲಿಷ್ ಸಾಲುಗಳಲ್ಲಿ ಸಿಕ್ಕಷ್ಟು ಹಿಡಿದು, ಸಿಗದ್ದನ್ನು ತಾನೇ ತುಂಬುತ್ತಿದ್ದ. ತುಂಬುವುದರಲ್ಲೇ ಅವನ ಹೆಸರು. ಒಂದು ದಿನ ಗಂಡಹೆಂಡಿರಲ್ಲಿ ಜಗಳವಾದಾಗ ನಬುಕೀರಾ ಒಂದು ಮಾತು ಆಡಿದ್ದಳು: "ನಿನ್ನ ಪಕ್ಕ ಮಲಗೋದೂ ಒಂದೇ, ಬಸ್ ಸ್ಟ್ಯಾಂಡಲ್ಲಿ ಮಲಗೋದೂ ಒಂದೇ. ನೂರು ಜನ ಮಾತಾಡ್ತಾರೆ, ಒಬ್ರಿಗೂ ನಾನು ಯಾರು ಅಂತ ಗೊತ್ತಿಲ್ಲ." ಮುಂದಿನ ವಾರ ಅದೇ ಮಾತನ್ನು ತುರ್ಕಿಯ ದೊಡ್ಡ ಮನೆಯ ಸೊಸೆ ತನ್ನ ಗಂಡನಿಗೆ ಹೇಳಿದಳು. ವೀಡಿಯೊ ಹಾಲ್ ಬೆಂಚು ತಟ್ಟಿ ನಕ್ಕಿತು. ನಲ್ಲಿಯ ಬಳಿ ಹೆಂಗಸರು ಅದನ್ನೇ ಹೇಳಿ ಹೇಳಿ ಆನಂದಪಡುತ್ತಿದ್ದರು. ಅದು ಯಾರ ಮಾತೆಂದು ಅವರಿಗೇನೂ ಗೊತ್ತಿರಲಿಲ್ಲ. ನಬುಕೀರಾ ನೀರಿನ ಕ್ಯಾನನ್ನು ನೆಲಕ್ಕೆ ಅಪ್ಪಳಿಸಿದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಹೆಂಡತಿ ಹೀಗೆ ಮುನಿದು ತವರು ಸೇರಿದರೆ ಗಂಡ ಬಂದು ಬೇಡಬೇಕು. ಬರುವುದಕ್ಕೆ ಸೆಂಗಾ ಕರೆಯಬೇಕು. ಸೆಂಗಾ ಕರೆಯುವುದಕ್ಕೆ ಹೆತ್ತವಳು ಹೂಂ ಅನ್ನಬೇಕು. ನನ್ನೋಝಿ ಇನ್ನೂ ಹೂಂ ಅಂದಿರಲಿಲ್ಲ. ಮಗಳನ್ನು ಇವನ ಕೈಗೆ ಮತ್ತೆ ಕೊಡಬಹುದೇ? ಆ ತಿಂಗಳಿಡೀ ಹೊಲಿಗೆಯ ಕೆಳಗೆ, ಟೀವಿಯ ಕೆಳಗೆ, ಅವಳ ತಲೆಯಲ್ಲಿ ಓಡುತ್ತಿದ್ದದ್ದು ಇದೊಂದೇ. ಕೇಳೋಣವೆಂದರೆ ಅಳಿಯನೊಡನೆ ಮಾತಿಲ್ಲ. ಮಗಳನ್ನು ಕೇಳಿದರೆ "ನನಗೇನ್ ಗೊತ್ತು, ಅವನ ತುರ್ಕಿಯವರನ್ನ ಕೇಳು" ಎನ್ನುತ್ತಿದ್ದಳು.

ಅಷ್ಟರಲ್ಲಿ ಕುಂಟ ತೋಟಗಾರ ಮಾತಾಡತೊಡಗಿದ.

ಅದುವರೆಗೆ ಅವನು ಹೂಂ, ಉಹೂಂ ಬಿಟ್ಟು ಬೇರೇನೂ ಆಡಿದವನಲ್ಲ. ಈಗ ಬಾವಿಯ ಕಟ್ಟೆಯ ಬಳಿ ನಿಂತು, ನೀರು ನೋಡುತ್ತ, ಕಂತಿಗೊಮ್ಮೆ ಉದ್ದುದ್ದ ಹೇಳುತ್ತಿದ್ದ. "ಮನೇಲಿ ಥರ್ಮಾಸಿನ ಮುಚ್ಚಳ ಸಿಗ್ತಿಲ್ಲ. ಚಹಾ ಆರಿಹೋಗುತ್ತೆ. ಆರಿದ ಚಹಾ ಕುಡಿಯೋನಿಗೆ ತನ್ನ ತಪ್ಪು ಚೆನ್ನಾಗಿ ಕಾಣುತ್ತೆ." ಮರುದಿನ: "ಬೇರೆಯವರ ತೋಟದ ಹೂವು ಕಿತ್ತು ಸಂತೇಲಿ ಮಾರಿದೆ. ಆ ತೋಟ ನಂದೇ ಅಂದ್ಕೊಂಡಿದ್ದೆ."

ಜಗಲಿ ಜೇನುಗೂಡಿನಂತಾಯಿತು.

"ಮುಚ್ಚಳ!" ಎಂದು ಕಫೀರೊ ಕತ್ತಿ ಹಿಡಿದುಕೊಂಡೇ ರಸ್ತೆ ದಾಟಿ ಬಂದ. "ಗೋದಾಮಿಗೆ ಎಣ್ಣೆ ಒಯ್ದಿದ್ದು ಥರ್ಮಾಸಲ್ಲಿ. ಮುಚ್ಚಳ ವಕೀಲನ ಕಾರಲ್ಲಿ ಬಿದ್ದಿದೆ. ಬರ್ದಿಟ್ಕೊಳ್ಳಿ."

"ಥರ್ಮಾಸಲ್ಲಿ ಎಷ್ಟು ಎಣ್ಣೆ ಹಿಡಿಯುತ್ತೆ ಸೆಬೊ? ದೀಪ ಹಚ್ಚೋಕೆ ಹೋಗಿದ್ನಾ?" ಎಂದು ನಲೊಂಗೊ ನಕ್ಕಳು. "ಮುಚ್ಚಳದಲ್ಲಿ ಸತ್ತ ಮಗನಿಗೆ ಗುಟ್ಟಾಗಿ ಚಹಾ ಕೊಡ್ತಿದಾರೆ. ಅವನು ಬದುಕಿದಾನೆ, ನೆಲಮಾಳಿಗೇಲಿ."

ನನ್ನೋಝಿ ತಿರುಗಿ ಬಾಗಿಲ ಕಡೆ ನೋಡಿದಳು. ಒಳಗೆ ಅವಳ ಮೊಮ್ಮಗು ಗಂಜಿ ಕುಡಿಯುತ್ತಿದ್ದದ್ದು ಒಂದು ಕೆಂಪು ಥರ್ಮಾಸಿನ ಮುಚ್ಚಳದಲ್ಲಿ. ನಬುಕೀರಾ ಬರುವಾಗ ಗಂಟಿಗೆ ಹಾಕಿಕೊಂಡು ಬಂದದ್ದು.

ಆ ಸಂಜೆ ಅವಳು ಕಂತನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡಿದಳು. ತೋಟಗಾರನ ತುಟಿ ಅಲುಗುತ್ತಿರಲಿಲ್ಲ. ಮನುಷ್ಯ ಬಾಯಿ ಮುಚ್ಚಿಕೊಂಡು ನೀರು ನೋಡುತ್ತಿದ್ದಾನೆ, ದನಿ ಮಾತ್ರ ಹರಿಯುತ್ತಿದೆ. ಕೆಂಪು ಮುಚ್ಚಳ, ಮುಚ್ಚಿದ ತುಟಿ, ಅವಳಿಗೆ ಎರಡೂ ಕೂಡಿಬಂತು. ಅಳಿಯ ಊರ ಮುಂದೆ, ಬೇರೊಬ್ಬನ ಬಾಯಿಯಿಂದ, ಹೆಂಡತಿಗೂ ಹೆಂಡತಿಯ ತಾಯಿಗೂ ತಪ್ಪೊಪ್ಪಿಕೊಳ್ಳುತ್ತಿದ್ದಾನೆ. ಎದುರು ಬರುವ ಹಾಗಿಲ್ಲವಲ್ಲ, ಇನ್ನೇನು ಮಾಡಿಯಾನು?

"ಬಾ ಇಲ್ಲಿ. ಇದನ್ನ ಕೇಳು," ಎಂದು ಮಗಳನ್ನು ಕರೆದಳು.

ನಬುಕೀರಾ ಸುಲಿಯುವ ಚಾಕು ಹಿಡಿದೇ ಬಾಗಿಲಲ್ಲಿ ನಿಂತು ಕೇಳಿದಳು. "ಇಷ್ಟಕ್ಕೇ ನಾನು ಬಿಟ್ಟು ಬಂದಿದ್ದು. ಮನೆ ಮಾತು ವೀಡಿಯೊ ಹಾಲಲ್ಲಿ. ಈಗ ಕ್ಷಮಾಪಣೆನೂ ಹಾಲಲ್ಲಿ."

"ಪಾಪ, ಅವನಿಗೆ ಬೇರೆ ದಾರಿ ಏನಿದೆ?"

"ನಿನಗೆ ತೋಟಗಾರನ ಮೇಲೆ ಯಾವಾಗಿಂದ ಕನಿಕರ ಬಂತಮ್ಮ? ನಿನ್ನೆವರೆಗೂ ಅವನೇ ಬೆಂಕಿ ಇಟ್ಟಿದ್ದು."

ಆದರೂ ನನ್ನೋಝಿಯ ಮನಸ್ಸು ಮೆತ್ತಗಾಯಿತು. ಹೂಂ ಎನ್ನೋಣವೆಂದು ಸೆಂಗಾಳಿಗೆ ಹೇಳಿ ಕಳಿಸಿದಳು. ಬರುವ ಭಾನುವಾರ ಅಳಿಯ ಬರಲಿ, ಮಾತು ಮುಗಿಸೋಣ.

ಭಾನುವಾರ ಬರುವ ಮೊದಲು ಹೊಸ ಕಂತು ಬಂತು. ತೋಟಗಾರ ಈಗ ಕ್ಯಾಮೆರಾಗೆ ಬೆನ್ನು ಹಾಕಿ ಒಂದು ಗೋಡೆಯ ಕಡೆ ನಿಂತಿದ್ದ. ಮುಖ ಕಾಣದು, ಭುಜ ಮಾತ್ರ ಕುಸಿದಿತ್ತು. "ದಿನಾ ಬೆಳಗ್ಗೆ ಬಾಗಿಲ ಹತ್ರ ನನಗೆ ರೊಟ್ಟಿ ಕೊಡ್ತಾಳೆ. ಅವಳ ಹೊಟ್ಟೇಲಿರೋದು ನನ್ನ ಮಗು. ಈ ಮನೇಲಿ ಯಾರಿಗೂ ನಾನಿದನ್ನ ಹೇಳಲ್ಲ."

ಕಫೀರೊ ಸಿಳ್ಳೆ ಹಾಕಿದ. ನಲೊಂಗೊ ಎದೆ ಮುಟ್ಟಿಕೊಂಡಳು. "ಎಲಾ ಕುಂಟ! ನನ್ನೋಝಿ, ನಿನ್ನ ಕಡೆಯವನು ಸಾಮಾನ್ಯದವನಲ್ಲ ನೋಡು."

ನನ್ನೋಝಿಯ ಕಾಲು ಹೊಲಿಗೆಯಂತ್ರದ ಮೇಲೆ ನಿಂತೇಹೋಯಿತು. ತುಟಿ ಅಲುಗದಿದ್ದರೆ ಅದು ಅಳಿಯನ ಮಾತು. ಬೆನ್ನು ತಿರುಗಿಸಿದವನ ತುಟಿ ಕಾಣುವುದಿಲ್ಲ; ಹಾಗಿದ್ದ ಮೇಲೆ ಅದೂ ಅಳಿಯನದೇ. ವೀಡಿಯೊ ಹಾಲ್‌ನ ಬಾಗಿಲ ಬಳಿ ಚಪಾತಿ ಬೇಯಿಸುವ ಜಾಲಿಯಾ ತುಂಬು ಬಸುರಿ. ಇನ್ನೇನು ಬೇಕು?

ಬುಧವಾರ ಕಿಬಿರಂಗೊ ಹೊಸ ಕಂತುಗಳನ್ನು ತರಲು ಕಂಪಾಲಾಗೆ ಹೋಗುತ್ತಿದ್ದ. ಆ ದಿನ ನನ್ನೋಝಿ ತಲೆಗೆ ಬಟ್ಟೆ ಸುತ್ತಿಕೊಂಡು ಹಾಲ್‌ನ ಕಡೆ ಹೊರಟಳು.

"ಬನ್ನಿ ನ್ಯಾಬೊ, ಬನ್ನಿ ಅಮ್ಮ!" ಜಾಲಿಯಾ ಕಾವಲಿಯ ಮೇಲೆ ಎಣ್ಣೆ ಸವರುತ್ತ ಹಲ್ಲು ಬಿಟ್ಟಳು. "ಅಳಿಯಂದ್ರು ಊರಲ್ಲಿಲ್ಲ, ಹೆದರ್ಬೇಡಿ."

"ನನಗ್ಯಾಕೆ ಹೆದರಿಕೆ. ಮೊಟ್ಟೆ ಸುತ್ತಿ ಒಂದು ಚಪಾತಿ ಕೊಡು." ನನ್ನೋಝಿ ಅವಳ ಹೊಟ್ಟೆಯನ್ನು ಕಣ್ಣಿನಲ್ಲೇ ಅಳೆದಳು. "ದಿನ ತುಂಬ್ತಾ ಬಂತು ಅನ್ಸುತ್ತೆ. ಗಂಡ ಎಲ್ಲಿ?"

"ಲಾರಿ ಹೊಡೀತಾನೆ. ಈಗ ಕಾಂಗೋ ಗಡಿ ಹತ್ರ ಎಲ್ಲೋ ಇದಾನೆ. ಅವನು ಮನೆಗೆ ಬಂದ್ರೆ ನಮಗೆ ಈದ್ ಬಂದ ಹಾಗೆ."

"ನಮ್ಮ ಅಳಿಯ ಇಲ್ಲೇ ತಿನ್ನೋದಾ?"

"ಇನ್ನೆಲ್ಲಿ ತಿಂತಾರೆ? ನಿಮ್ಮ ಮಗಳು ಒಲೆ ಆರಿಸಿ ಬಂದಿದಾಳಲ್ಲ. ದಿನಾ ಬೆಳಗ್ಗೆ ಇದೇ ಬಾಗಿಲಲ್ಲಿ ನಿಂತ್ಕೊಂಡು ತಿಂತಾರೆ. ಅಜ್ಜಿ ದನೀಲಿ ಒಂದು ಚಪಾತಿ ಕೇಳ್ತಾರೆ, ಪೊಲೀಸ್ ದನೀಲಿ ಇನ್ನೊಂದು. ನಗಿಸಿ ನಗಿಸಿ, ಹೊಟ್ಟೇಲಿರೋದೂ ಅವರ ದನಿ ಕೇಳಿದ್ರೆ ಒದೆಯುತ್ತೆ, ಅಲ್ಲಾನ ಆಣೆ."

ನನ್ನೋಝಿ ಚಪಾತಿಯನ್ನು ಅಲ್ಲಿಯೇ ತಿನ್ನಲಿಲ್ಲ. ದಾರಿಯಲ್ಲಿ ಒಂದು ನಾಯಿಗೆ ಹಾಕಿದಳು. ಮನೆಗೆ ಬಂದು ಮಗಳ ಮುಖ ನೋಡದೆ, ಅರ್ಧ ಹೊಲಿದ ಗೊಮೆಸಿಯ ತೋಳನ್ನು ಬಿಚ್ಚಿ ಮತ್ತೆ ಹೊಲಿದಳು. ತೋಳೇನೂ ತಪ್ಪಾಗಿರಲಿಲ್ಲ.

ಭಾನುವಾರ ಚರ್ಚಿನಿಂದ ಜನ ಮರಳಿದ ಮೇಲೆ ಕಿಬಿರಂಗೊ ಬಂದ. ಒಂದು ಕೈಯಲ್ಲಿ ಕಾಲು ಕಟ್ಟಿದ ಹುಂಜ, ಇನ್ನೊಂದರಲ್ಲಿ ಸಕ್ಕರೆ, ಸೋಪು. ಅಂಗಳದ ಬೆಣ್ಣೆಹಣ್ಣಿನ ಮರದ ಕೆಳಗೆ ಅವನಿಗೊಂದು ಮಣೆ ಹಾಕಿದ್ದರು. ಸೆಂಗಾ ಬಿರಬ್ವಾ ಚಾಪೆಯ ಮೇಲೆ ಕೂತಿದ್ದಳು. ನನ್ನೋಝಿ ಮನೆಯೊಳಗೆ, ಬಾಗಿಲಿಗೆ ಇಳಿಬಿಟ್ಟ ಪರದೆಯ ಹಿಂದೆ. ನಬುಕೀರಾ ಅದಕ್ಕೂ ಒಳಗಿನ ಕೋಣೆಯಲ್ಲಿ. ಬೇಲಿಯ ಆಚೆ ಕಫೀರೊ, ನಲೊಂಗೊ, ಜೊತೆಗೆ ಆ ಕಡೆಗೆ ಏನೋ ಕೆಲಸವಿದ್ದಂತೆ ಬಂದ ನಾಲ್ಕಾರು ಜನ. ಯಾರೂ ಇಣುಕುತ್ತಿರಲಿಲ್ಲ, ಎಲ್ಲರೂ ಬೇಲಿಯ ಎಲೆ ನೋಡುತ್ತಿದ್ದರು.

ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅತ್ತೆಯ ಮಾತು ಅಳಿಯನಿಗೆ ಸೆಂಗಾಳ ಮೂಲಕವೇ ಹೋಗಬೇಕು.

"ಸೆಂಗಾ," ಎಂದಿತು ಪರದೆ, "ಅವನನ್ನ ಒಂದೇ ಮಾತು ಕೇಳು. ರೊಟ್ಟಿಯವಳು ಯಾರು?"

"ರೊಟ್ಟಿಯವಳು ಯಾರು?" ಎಂದಳು ಸೆಂಗಾ.

ಕಿಬಿರಂಗೊ ಕಣ್ಣು ಕಣ್ಣು ಬಿಟ್ಟ. ಹಾಲ್‌ನಲ್ಲಿ ಗುಡುಗುವ ಮನುಷ್ಯ ನೋಡುವುದಕ್ಕೆ ಸಣ್ಣಗೆ, ಕತ್ತು ಉದ್ದವಾಗಿ, ಅಳತೆ ತಪ್ಪಿದ ಅಂಗಿಯಲ್ಲಿದ್ದ. "ಯಾವ ರೊಟ್ಟಿಯವಳು ಸೆಂಗಾ?"

"ದಿನಾ ಬೆಳಗ್ಗೆ ಬಾಗಿಲ ಹತ್ರ ರೊಟ್ಟಿ ಕೊಡೋಳು. ಹೊಟ್ಟೇಲಿರೋದು ತನ್ನ ಮಗು ಅಂತ ಇವನೇ ತೋಟಗಾರನ ಬಾಯಲ್ಲಿ ಊರಿಗೆಲ್ಲ ಹೇಳಿದಾನೆ. ಜಾಲಿಯಾ ಹೆಸರು ನನ್ನ ಬಾಯಿಂದ್ಲೇ ಬರ್ಬೇಕಾ?" ಎಂದಿತು ಪರದೆ.

ಬೇಲಿಯಾಚೆ ಯಾರೋ ಉಸಿರು ಒಳಗೆಳೆದುಕೊಂಡರು. ಒಳಕೋಣೆಯಲ್ಲಿ ಏನೋ ನೆಲಕ್ಕೆ ಬಿದ್ದ ಸದ್ದಾಯಿತು.

"ಜಾಲಿಯಾನಾ?" ಕಿಬಿರಂಗೊ ಎದ್ದೇ ನಿಂತ. "ಸೆಂಗಾ, ಅಮ್ಮನಿಗೆ ಹೇಳಿ, ಅದು ಕಥೆ! ಅದು ತುರ್ಕಿಯ ಕಥೆ! ಆ ಊರಲ್ಲಿ ಒಬ್ಬಳು ರೊಟ್ಟಿ ಅಂಗಡಿಯವಳಿದಾಳೆ, ತೋಟಗಾರನ ಗುಟ್ಟಿನ ಹೆಂಡ್ತಿ. ಮುಂದೆ ಬರ್ತಾಳೆ!"

"ಮುಂದೆ ಬರ್ತಾಳಂತೆ," ಎಂದಳು ಸೆಂಗಾ.

"ಮುಂದೆ ಅಂದ್ರೆ ಯಾವಾಗ? ಸಿಕ್ಕಿಬಿದ್ದೋರೆಲ್ಲ ಹೇಳೋದು ಇದೇ ತಾನೆ, ಮುಂದೆ ಗೊತ್ತಾಗುತ್ತೆ ಅಂತ. ಈಗ ಹೇಳು ಅನ್ನು."

ಕಿಬಿರಂಗೊ ಬೇಲಿಯ ಕಡೆ ನೋಡಿದ. ಬೇಲಿ ಅವನನ್ನೇ ನೋಡುತ್ತಿತ್ತು. ಕಂಪಾಲಾದಲ್ಲಿ ಕೂತು ಕೊನೆಯ ಕಂತಿನವರೆಗೆ ನೋಡಿ ಬಂದದ್ದರಿಂದ ಕಥೆ ಅವನಿಗೆ ಗೊತ್ತು. ಊರಿನಲ್ಲಿ ಅವನೊಬ್ಬನಿಗೇ ಗೊತ್ತು. ಇನ್ನೆಷ್ಟೋ ವಾರ ಹಾಲ್ ತುಂಬುವುದು ಆ ಒಂದು ಗುಟ್ಟಿನ ಮೇಲೆ. ಸತ್ತರೂ ಬಾಯಿ ಬಿಡಬಾರದೆಂದು ಹಾಲ್‌ನ ಯಜಮಾನ ಅವನಿಂದ ಮಾತು ತೆಗೆದುಕೊಂಡಿದ್ದ.

"ಸೆಂಗಾ, ನಿಮ್ಮ ಕಿವೀಲಿ ಮಾತ್ರ ಹೇಳ್ಲಾ?"

"ಬಸುರಿ ಹೆಂಗಸಿನ ಹೆಸರು ಅಂಗಳದಲ್ಲಿ ಬಿದ್ದಿದೆ. ಅಂಗಳದಲ್ಲೇ ತೊಳೀಬೇಕು," ಎಂದಳು ಸೆಂಗಾ. "ಗಟ್ಟಿಯಾಗಿ ಹೇಳು."

ಹೇಳಿದ. ಮೊದಮೊದಲು ತಡವರಿಸುತ್ತ, ಆಮೇಲೆ ಕಸುಬು ಅವನನ್ನು ಹಿಡಿದುಕೊಂಡಿತು. ಯಜಮಾನಿಯ ಗದರಿಕೆ, ವಕೀಲನ ಮೂಗಿನ ದನಿ, ರೊಟ್ಟಿಯವಳ ಅಳು, ಕೋರ್ಟಿನ ಗಂಟೆ, ಎಲ್ಲ ಆ ಮರದ ಕೆಳಗೆ ಬಂದುಹೋದವು. ಬೆಂಕಿ ಬಿದ್ದಾಗ ತೋಟಗಾರ ರೊಟ್ಟಿಯವಳ ಮನೆಯಲ್ಲಿದ್ದ. ಅದಕ್ಕೇ ಎಲ್ಲಿದ್ದೆ ಎಂದರೆ ಬೇರೆ ಕಡೆ ನೋಡುತ್ತಿದ್ದ. ವಕೀಲ ಬರೀ ಜಿಪುಣ, ಕೊಲೆಗಾರನಲ್ಲ. ಸತ್ತ ಮಗ ಸತ್ತದ್ದು ನಿಜ. ಬೆಂಕಿ ಇಟ್ಟವಳು ಪ್ರತಿ ಕಂತಿನಲ್ಲೂ ತಲೆ ತಗ್ಗಿಸಿ ಚಹಾ ತಂದಿಟ್ಟು ಹೋಗುವ ಕಿರಿಯ ಮಗಳು. ಆ ಮನೆಯಲ್ಲಿ ಯಾರೂ ಅವಳ ಮುಖವನ್ನು ಒಮ್ಮೆಯೂ ಎತ್ತಿ ನೋಡಿರಲಿಲ್ಲ. ಜಗಲಿಯೂ ನೋಡಿರಲಿಲ್ಲ.

"ಚಹಾ ಹುಡುಗಿ!" ಎಂದು ನಲೊಂಗೊ ಬೇಲಿಯನ್ನು ಹಿಡಿದುಕೊಂಡಳು.

"ಹಾಗಾದ್ರೆ ಥರ್ಮಾಸ್? ಥರ್ಮಾಸಿನ ಮುಚ್ಚಳ ಎಲ್ಲಿ ಬರುತ್ತೆ?" ಕಫೀರೊನ ದನಿಯಲ್ಲಿ ನಿಜವಾದ ನೋವಿತ್ತು.

"ಮುಚ್ಚಳ ನಮ್ಮನೇದು, ಸೆಬೊ," ಎಂದ ಕಿಬಿರಂಗೊ ತಲೆ ತಗ್ಗಿಸಿ.

ಪರದೆ ಅಲುಗಿತು. ನನ್ನೋಝಿ ಸುಲಭಕ್ಕೆ ಸೋಲುವವಳಲ್ಲ. "ಸೆಂಗಾ, ಇದನ್ನ ಕೇಳು. ಮುಚ್ಚಳದ ಮಾತು ಇವನದು, ರೊಟ್ಟಿ ಮಾತು ತುರ್ಕಿದು. ನಾವು ಹೇಗೆ ತಿಳ್ಕೋಬೇಕು? ಅಲ್ಲೂ ತುಟಿ ಅಲುಗ್ಲಿಲ್ಲ, ಇಲ್ಲೂ ತುಟಿ ಕಾಣ್ಲಿಲ್ಲ."

ಸೆಂಗಾ ಅದನ್ನು ತಿರುಗಿ ಹೇಳುವುದಕ್ಕೂ ಅವನು ಕಾಯಲಿಲ್ಲ. "ಬೆನ್ನು ತಿರುಗಿಸಿದಾಗ ನಾನು ಒಂದು ಅಕ್ಷರ ಸೇರಿಸಲ್ಲ ಅಮ್ಮ. ಅಲ್ಲಿ ಯಾರ ಮಾತು ಅಂತ ನೋಡೋರಿಗೆ ತಿಳಿಯಲ್ಲ, ಅಲ್ಲಿ ಸೇರಿಸಿದ್ರೆ ಅದು ಮೋಸ. ಬಾಯಿ ಮುಚ್ಚಿ ನಿಂತಾಗ ಮಾತ್ರ ನನ್ನದು ಹಾಕ್ತೀನಿ. ಕಣ್ಣಿರೋರಿಗೆ ಗೊತ್ತಾಗ್ಲಿ, ಇದು ಕಿಬಿರಂಗೊನದು ಅಂತ. ನನಗೆ ಕಲಿಸಿದವರು ಹೇಳಿಕೊಟ್ಟಿದ್ದು ಅದು."

ನನ್ನೋಝಿ ತನ್ನ ಪಕ್ಷ ಮುರಿದುಬಿದ್ದುದನ್ನು ಒಳಗೊಳಗೇ ಒಪ್ಪಿಕೊಂಡಳು. ಅರ್ಧ ಸರಿಯಾಗಿತ್ತು, ಇನ್ನರ್ಧಕ್ಕೆ ನಾಯಿಗೆ ಚಪಾತಿ ಹಾಕಿದ್ದಳು.

ಆಗ ಪರದೆ ಸರಿಯಿತು. ಹೊರಗೆ ಬಂದವಳು ನಬುಕೀರಾ. ಅವಳು ಮಂಡಿಯೂರಿ ಸೆಂಗಾಳಿಗೆ ವಂದಿಸಿ, ಗಂಡನ ಕಡೆ ತಿರುಗಿದಳು.

"ಬಸ್ ಸ್ಟ್ಯಾಂಡಿನ ಮಾತು ಸೊಸೆಗೆ ಕೊಟ್ಯಲ್ಲ. ಅವಳ ಬಾಯಿ ಮುಚ್ಚಿತ್ತಾ?"

ಕಿಬಿರಂಗೊ ಹುಂಜದ ಕಡೆ ನೋಡಿದ.

"ಮುಚ್ಚಿತ್ತಾ, ತೆರೆದಿತ್ತಾ?"

"ತೆರೆದಿತ್ತು."

"ತೆರೆದ ಬಾಯಿಗೆ ಹಾಕ್ದೆ. ಊರೆಲ್ಲ ತುರ್ಕಿಯವಳ ಮಾತು ಅಂತ ನಕ್ಕಿತು. ನಿನಗೆ ಕಲಿಸಿದವರು ಇದನ್ನೂ ಕಲಿಸಿದ್ರಾ?"

ಅವನು ಗಂಟಲು ಸರಿಮಾಡಿಕೊಂಡು ಏನೋ ಹೇಳಹೋದ. ಹೊರಬಂದದ್ದು ತೋಟಗಾರನ ನಡುಗುದನಿ, ಊರಿಗೆಲ್ಲ ಗೊತ್ತಿದ್ದ ದನಿ. "ಓ ನನ್ನ ಮನೆಯ ದೀಪವೇ..."

"ಅದು ತೋಟಗಾರ," ಎಂದಳು ನಬುಕೀರಾ.

ಇನ್ನೊಮ್ಮೆ ಶುರುಮಾಡಿದ. ಈ ಸಲ ಬಂದದ್ದು ಯಾವುದೋ ಹಳೆಯ ಕಥೆಯ ಪ್ರೇಮಿ. ಬೇಲಿಯಾಚೆ ಒಬ್ಬರು ಕಿಸಕ್ಕೆಂದರು. ಅವನ ಹಣೆಯಲ್ಲಿ ಬೆವರು ಮೂಡಿತು. ಬೆಂಕಿಯಿಟ್ಟವರ ಹೆಸರು ಹೇಳುವಾಗಲೂ ಇಷ್ಟು ಕಷ್ಟವಾಗಿರಲಿಲ್ಲ. ಕೊನೆಗೆ ಬಂದ ದನಿ ತೆಳ್ಳಗೆ, ಸ್ವಲ್ಪ ಗೊಗ್ಗರಾಗಿತ್ತು. ಅದನ್ನು ಕಯಾಬ್ವೆಯವರು ಯಾರೂ ಕೇಳಿದ್ದೇ ಇಲ್ಲ.

"ನಿನ್ನ ಮಾತು ಚೆನ್ನಾಗಿತ್ತು. ನಾನು ಕಟ್ಟೋ ಮಾತಿಗಿಂತ ಚೆನ್ನಾಗಿತ್ತು. ತಗೊಂಡೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಕೇಳಿದ್ರೆ ನೀನು ಬೇಡ ಅಂತಿದ್ದೆ, ಅದಕ್ಕೆ ಕೇಳ್ಲಿಲ್ಲ."

"ಬೇಡ ಅಂತಿದ್ದೆ," ಎಂದಳು ನಬುಕೀರಾ.

"ಗೊತ್ತು."

ಸೆಂಗಾ ಇಬ್ಬರನ್ನೂ ನೋಡಿದಳು. ಆ ಹೊತ್ತಿಗೆ ಅವಳ ಕೆಲಸವಿರಲಿಲ್ಲ.

"ಮಂಗಳವಾರ ಬರ್ತೀನಿ," ಎಂದಳು ನಬುಕೀರಾ. "ನೀನು ಮಾತು ಹಾಕುವಾಗ ನಾನು ಪಕ್ಕದಲ್ಲಿ ಕೂತಿರ್ತೀನಿ. ನನ್ನದು ಒಂದು ಮಾತು ಅದರೊಳಗೆ ಹೋಯ್ತೋ, ಅವತ್ತು ನಿನ್ನ ಯಂತ್ರ ಕಿಟಕಿಯಿಂದ ಆಚೆ. ಇದನ್ನ ಗಂಡಸರ ಹಾಗೆ ಸುಮ್ನೆ ತಲೆ ಆಡಿಸಿ ಒಪ್ಕೋಬೇಡ. ಹೇಳು."

"ಆಗಲಿ. ಕಿಟಕಿಯಿಂದ ಆಚೆ."

ನನ್ನೋಝಿ ಪರದೆಯ ಹಿಂದಿನಿಂದ ಇನ್ನೊಂದು ಮಾತು ಕಳಿಸಿದಳು: ಅಳಿಯ ಹೋಗುವ ದಾರಿಯಲ್ಲಿ ಜಾಲಿಯಾಳಿಗೆ ಅರ್ಧ ಸಕ್ಕರೆ ಕೊಟ್ಟು ಹೋಗಲಿ. ಯಾಕೆಂದು ಅವಳಿಗೆ ಹೇಳುವುದು ಬೇಡ. ಆದರೆ ಬೇಲಿಯಾಚೆ ಅಷ್ಟು ಕಿವಿಗಳಿದ್ದ ಮೇಲೆ ಆ ಸುದ್ದಿ ಸಕ್ಕರೆಗಿಂತ ಮುಂಚೆಯೇ ಹಾಲ್ ತಲುಪಿತ್ತು. ಜಾಲಿಯಾ ನಗುನಗುತ್ತ ಪೂರ್ತಿ ಸಕ್ಕರೆಯನ್ನೂ ಇಟ್ಟುಕೊಂಡಳಂತೆ.

ಹಾಲ್‌ನ ಯಜಮಾನ ಎರಡು ದಿನ ಕಿಬಿರಂಗೊನ ಹಿಂದೆ ಬೈಯುತ್ತ ತಿರುಗಿದ. ಮೂರನೆಯ ದಿನ ಬೈಯುವುದನ್ನು ಬಿಟ್ಟ. ಗುಟ್ಟು ಬಯಲಾದ ಮೇಲೆ ಜನ ಕಡಿಮೆಯಾಗಲಿಲ್ಲ. ಹಳೆಯ ಕಂತುಗಳನ್ನೂ ಮತ್ತೆ ಹಾಕು ಎಂದು ಕೇಳಿಕೊಂಡು ಬಂದರು. ಚಹಾ ತರುವಾಗ ಆ ಹುಡುಗಿಯ ಕೈ ಹೇಗಿತ್ತು, ಕಣ್ಣು ಎಲ್ಲಿತ್ತು ಎಂದು ಎಲ್ಲರಿಗೂ ನೋಡಬೇಕಿತ್ತು. ತನಗೆ ಮೊದಲೇ ಅನುಮಾನವಿತ್ತೆಂದು ಕಫೀರೊ ಹೇಳಿಕೊಂಡು ಓಡಾಡಿದ. ಯಾರೂ ನಂಬಲಿಲ್ಲ. ಅವನಿಗೂ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಮಂಗಳವಾರ ನಬುಕೀರಾ ಹೊರಟಳು. ಬೆನ್ನಿಗೆ ಮಗು, ತಲೆಯ ಮೇಲೆ ಗಂಟು, ಕೈಯಲ್ಲಿ ಮಟೋಕೆಯ ಗೊನೆಯೊಂದರ ಅರ್ಧ. ಕಿಬಿರಂಗೊ ಬೇಲಿಯ ತನಕ ಬರುವಂತಿರಲಿಲ್ಲ; ದೂರದಲ್ಲಿ, ಮಸಾಕಾ ರಸ್ತೆ ಸೇರುವ ಕಡೆ, ಒಂದು ಬಾಡಿಗೆಯ ಬೋಡಾ ಬೈಕಿನ ಪಕ್ಕ ನಿಂತಿದ್ದ. ಅವನು ಅತ್ತ ತಿರುಗಿದ ಹೊತ್ತಿನಲ್ಲಿ ನನ್ನೋಝಿ ಜಗಲಿಗೆ ಬಂದು ಕಂಬದ ಮರೆಯಿಂದ ನೋಡಿದಳು. ಮಗಳು ಅವನ ಬಳಿ ಹೋಗಿ ನಿಂತಳು. ಅವನು ಗೊನೆ ಇಸಿದುಕೊಂಡ. ಏನೋ ಹೇಳಿದ. ನಬುಕೀರಾ ಏನೋ ಅಂದಳು, ಸ್ವಲ್ಪವೇ. ಅವನು ಮತ್ತೆ ಹೇಳಿದ. ಅಷ್ಟು ದೂರಕ್ಕೆ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು.

"ಏನಂದ? ಏನಂದ ಅವನು?" ನಲೊಂಗೊ ಪಕ್ಕಕ್ಕೆ ಬಂದು ನಿಂತಿದ್ದಳು. "ನೋಡು ನೋಡು, ಕೈ ಎದೆ ಮೇಲಿಟ್ಟ. ತಪ್ಪಾಯ್ತು ಅಂದಿರ್ತಾನೆ. ಅವಳು ಮುಖ ತಿರುಗಿಸಿದ್ಲು, ಒಪ್ಪಿಲ್ಲ."

"ಒಪ್ಪದೆ ಏನು!" ಎಂದು ಕಫೀರೊ ರಸ್ತೆಯಾಚೆಯಿಂದ ಕೂಗಿದ. "ಸೊಂಟ ನೋಡು, ಬೈಕಿನ ಕಡೆ ತಿರುಗಿದೆ. ಸೊಂಟ ಯಾವ ಕಡೆ ತಿರುಗುತ್ತೋ ಮನಸ್ಸು ಆ ಕಡೆ. ನನ್ನೋಝಿ, ನೀನು ಏನಂತೀಯ?"

ನನ್ನೋಝಿ ಒಂದು ಕ್ಷಣ ನೋಡಿದಳು. ಆಮೇಲೆ ಕಂಬ ಬಿಟ್ಟು ಬಂದು ಹೊಲಿಗೆಯಂತ್ರದ ಮುಂದೆ ಕೂತಳು.

"ನಾನೇನೂ ಅನ್ನಲ್ಲ. ನಲೊಂಗೊ, ನಿನ್ನ ಗೊಮೆಸಿಗೆ ಅಳತೆ ಕೊಡ್ತೀಯೋ, ಅಲ್ಲೇ ನಿಂತಿರ್ತೀಯೋ? ತೋಳೆತ್ತು. ಹೊಟ್ಟೆ ಬಿಡು, ಎಳ್ಕೋಬೇಡ."